ಕಾಳಪ್ಪ ಮಾಸ್ತರರ ಉಪಚಾರ

ಯಾರ ಮನೆಗೆ ಹೋದರೂ ಕೇಳಿದ ಕೂಡಲೇ ಚಹಾ ಬೇಕು ಅಂದವರಲ್ಲ ಕಾಳಪ್ಪ ಮಾಸ್ತರರು. 'ಬ್ಯಾಡ್ರಿ, ಈಗ ಕುಡದೇ ಬಂದೆ' ಅನ್ನಬೇಕು. ಮನೆಯವರು 'ಹಂಗಂದ್ರ ಹೆಂಗ್ರಿ' ಅನ್ನಬೇಕು. 'ಸುಮ್ನ ಯಾಕ್ರಿ ತ್ರಾಸು' ಅಂತ ಇವರು ಮತ್ತೆ ಎಳೆಯಬೇಕು. ಅಷ್ಟರಲ್ಲಿ ಒಳಗೆ ಹಾಲು ಕಾಯುವ ವಾಸನೆ ಬಂದಿರಬೇಕು. ಹೊಸಪೇಟೆ ಸೀಮೆಯಲ್ಲಿ ಹುಟ್ಟಿದವರಿಗೆ ಇದನ್ನು ಯಾರೂ ಕೂರಿಸಿಕೊಂಡು ಕಲಿಸುವುದಿಲ್ಲ. ಮೂರು ಸಲ ಬೇಡ ಅಂದವನು ಮರ್ಯಾದಸ್ಥ, ಮೂರು ಸಲ ಬಲವಂತ ಮಾಡಿದವನು ದೊಡ್ಡ ಮನುಷ್ಯ. ಮೊದಲನೇ 'ಬ್ಯಾಡ'ವನ್ನೇ ನಿಜ ಅಂತ ನಂಬಿ ಲೋಟ ಎತ್ತಿಟ್ಟವನ ಮನೆಗೆ ಜನ ಎರಡನೇ ಸಲ ಹೋಗುವುದಿಲ್ಲ.

ಮಾಸ್ತರರಿಗೆ ಈ ಉಪಚಾರ ಉಳಿದವರಿಗಿಂತ ಒಂದು ತೂಕ ಹೆಚ್ಚೇ ಬೇಕಾಗಿತ್ತು. ಕೇರಿಯಲ್ಲಿ ಹುಟ್ಟಿ, ಓದಿ, ಟಿ.ಬಿ. ಡ್ಯಾಮಿನ ಹೈಸ್ಕೂಲಿನಲ್ಲಿ ಮೂವತ್ಮೂರು ವರ್ಷ ಆಟದ ಮೇಷ್ಟ್ರಾಗಿ ನಿವೃತ್ತರಾದವರು. ಕೊಟ್ಟದ್ದನ್ನು ತಟ್ಟನೆ ಹಿಡಿದರೆ 'ನೋಡ್ರಿ, ಹಸ್ದು ಕುಂತಿದ್ದ' ಅಂತ ಯಾರಾದರೂ ಅಂದಾರು ಅನ್ನುವ ಅಳುಕು ಅರವತ್ತೊಂದು ತುಂಬಿದರೂ ಹೋಗಿರಲಿಲ್ಲ. ಅಂದವರೂ ಇದ್ದರು. ಇಪ್ಪತ್ತು ವರ್ಷದ ಹಿಂದೆ ಜಿಲ್ಲಾ ಬಾಸ್ಕೆಟ್‌ಬಾಲ್ ತಂಡಕ್ಕೆ ಕೇರಿಯ ಇಬ್ಬರು ಹುಡುಗರನ್ನು ಆರಿಸಿದ್ದಕ್ಕೆ ಹೆಸರಿಲ್ಲದ ಅರ್ಜಿಯೊಂದು ಮೇಲಕ್ಕೆ ಹೋಗಿತ್ತು: ಈ ಮಾಸ್ತರ ತಮ್ಮವರನ್ನೇ ಮುಂದೆ ತರುತ್ತಾನೆ. ವಿಚಾರಣೆ ನಡೆಯಿತು, ಏನೂ ಸಿಗಲಿಲ್ಲ. ಅರ್ಜಿ ಬರೆದವರು ಮರೆತರು. ಮಾಸ್ತರರು ಮಾತ್ರ ಅವತ್ತಿನಿಂದ ತಮ್ಮವರ ಹೆಸರನ್ನು ತಮ್ಮ ಬಾಯಿಂದ ಎತ್ತುವುದನ್ನೇ ಬಿಟ್ಟರು.

ಇಂಥ ಮನುಷ್ಯನನ್ನು ಲೀಗಿನ ಆಯ್ಕೆ ಸಮಿತಿಯಲ್ಲಿ ಕೂರಿಸಿದ್ದು ಯಾರ ಗ್ರಹಚಾರವೋ. ಮಾರೇಶನ ಗ್ರಹಚಾರವೇ ಇರಬೇಕು.

ಲೀಗು ಅಂದರೆ ತುಂಗಭದ್ರಾ ಪ್ರೊ ಬಾಸ್ಕೆಟ್‌ಬಾಲ್ ಲೀಗ್. ಹೊಸಪೇಟೆ, ಸಂಡೂರು, ಕಂಪ್ಲಿ ಅಂತ ಆರು ಟೀಮು. ಆಡುವವರಿಗೆ ಸೀಸನ್ನಿನ ಮೂರು ತಿಂಗಳು ಪಗಾರ, ಉಳಿದ ಒಂಬತ್ತು ತಿಂಗಳು ದೇವರು. ಖರ್ಚು ನೋಡಿಕೊಳ್ಳುತ್ತಿದ್ದ ಸ್ಪಾಂಜ್ ಐರನ್ ಕಾರ್ಖಾನೆಯವರು ಈ ವರ್ಷ ಒಂದು ಹೊಸ ಆಸೆ ತೋರಿಸಿದ್ದರು. ಸೀಸನ್ನಿನ ಎಂ.ವಿ.ಪಿ., ಅಂದರೆ ಟೀಮಿಗೆ ಎಲ್ಲರಿಗಿಂತ ಹೆಚ್ಚು ಬೆಲೆಬಾಳುವ ಆಟಗಾರ ಅಂತ ಯಾರನ್ನು ಸಮಿತಿ ಆರಿಸುತ್ತದೋ ಅವನಿಗೆ ಕಾರ್ಖಾನೆಯಲ್ಲಿ ಕಾಯಂ ನೌಕರಿ. ವಯಸ್ಸು ಮೂವತ್ತೆರಡು ದಾಟಿರಬಾರದು.

ಸಂಡೂರು ಟೀಮಿನ ಮಾರೇಶನಿಗೆ ಮೂವತ್ತೊಂದೂವರೆ. ಮಾಸ್ತರರು ಡ್ಯಾಮಿನ ಸಿಮೆಂಟ್ ಅಂಕಣದಲ್ಲಿ ಹತ್ತು ವರ್ಷದ ಪೋರನ ಕೈಗೆ ಚೆಂಡು ಕೊಟ್ಟು ತಯಾರು ಮಾಡಿದ ಆಟಗಾರ. ಅದೇ ಕೇರಿಯಲ್ಲಿ, ಎರಡು ಮನೆ ಆಚೆ ಹುಟ್ಟಿದವನು; ಈಗ ಸಂಸಾರ ಸಂಡೂರಿನಲ್ಲಿ. ತಾನು ಬಾಸ್ಕೆಟ್ ಹಾಕುವುದಕ್ಕಿಂತ ಪಕ್ಕದವನ ಕೈಲಿ ಹಾಕಿಸುವುದರಲ್ಲೇ ಅವನ ಆಟ ಇತ್ತು. ಸೀಸನ್ ಮುಗಿದ ಮೇಲೆ ಸಂಡೂರು ರಸ್ತೆಯ ಕಾಟಾದಲ್ಲಿ ಅದಿರಿನ ಲಾರಿ ತೂಗಿಸುವ ಕೆಲಸ. ಎರಡು ಮಕ್ಕಳು. ಮೊಣಕಾಲು ಆಗಲೇ ಕಿರಿಕಿರಿ ಶುರು ಮಾಡಿತ್ತು. ಮುಂದಿನ ಸೀಸನ್ನಿಗೆ ವಯಸ್ಸು ದಾಟುತ್ತಿತ್ತು. ಅವನಿಗೆ ಇದೇ ಕೊನೇ ಬಸ್ಸು.

ಎದುರಿಗಿದ್ದವನು ಕಂಪ್ಲಿ ಟೀಮಿನ ರೇವಣಸಿದ್ದ. ಇಪ್ಪತ್ತಾರು ವರ್ಷ, ಆರಡಿ ಮೂರಂಗುಲ, ನಿಂತಲ್ಲಿಂದ ಎಸೆದರೆ ಬಾಸ್ಕೆಟ್. ಸೋದರಮಾವನದು ಕಂಪ್ಲಿಯಲ್ಲಿ ದೊಡ್ಡ ರೈಸ್ ಮಿಲ್. ಹುಡುಗ ಒಳ್ಳೆಯವನೇ, ಸುಳ್ಳು ಹೇಳಬಾರದು.

ಫೈನಲ್ಲಿಗೆ ಒಂದು ದಿನ ಇರುವಾಗ ಲೀಗಿನ ಕಾರ್ಯದರ್ಶಿ ಕೊಟ್ರಯ್ಯನವರು ಮಾಸ್ತರರನ್ನು ಕಾರಿನಲ್ಲಿ ಹಂಪಿ ಕಡೆ ಕರೆದುಕೊಂಡು ಹೋಗಿದ್ದರು, ಅತಿಥಿಗಳಿಗೆ ರೂಮು ನೋಡಲಿಕ್ಕೆ. ಕೊಟ್ರಯ್ಯನವರು ಹೊಸಪೇಟೆಯಲ್ಲಿ ಅಕ್ಕಿ ವ್ಯಾಪಾರಿ, ಆಯ್ಕೆ ಸಮಿತಿಗೂ ಅವರೇ ಯಜಮಾನರು. ಬರುವಾಗ ಕಡ್ಡಿರಾಂಪುರದ ಹೋಟೆಲಿನ ಮುಂದೆ ಗಾಡಿ ನಿಲ್ಲಿಸಿ, ಮಾಸ್ತರರು ಬೇಡ ಬೇಡ ಅಂದರೂ ಚಹಾ ಕುಡಿಸಿ, ತಾವಾಗಿಯೇ ಮಾತು ತೆಗೆದರು.

"ಈ ಸಲ ನಿಮ್ಮ ಹುಡುಗಂದೇ ಐತಿ ಬಿಡ್ರಿ ಮಾಸ್ತರ್ರ. ಮೀಟಿಂಗಿನ್ಯಾಗ ನಾನೇ ಹೆಸರು ಎತ್ತತೀನಿ. ನೀವು ಸುಮ್ನ ಕುಂದ್ರಿ ಸಾಕು."

"ನಮ್ಮ ಹುಡುಗ ಅಂತ ಅಲ್ರಿ ಸಾವ್ಕಾರ್ರ, ಯಾರು ಚಲೋ ಆಡ್ಯಾರೋ ಅವರಿಗೆ ಆಗ್ಲಿ," ಅಂದರು ಮಾಸ್ತರರು.

ಅಂದರೂ ಎದೆ ಹಿಗ್ಗಿತು. ಮನೆಗೆ ಬಂದು ಹೆಂಡತಿ ಕರೆಮ್ಮನಿಗೆ ಹೇಳಿದರು. ಮಾರೇಶನಿಗೂ ಫೋನು ಮಾಡಿ, 'ಫೈನಲ್ ಚಲೋ ಆಡು, ಉಳಿದದ್ದು ಆಗ್ತತಿ' ಅಂದರು. ಮಾರೇಶ ಏನೂ ಕೇಳಲಿಲ್ಲ. ಸರ್ ಆಗ್ತತಿ ಅಂದರೆ ಆಗುತ್ತದೆ ಅಂತ ಇಪ್ಪತ್ತೊಂದು ವರ್ಷದಿಂದ ನಂಬಿದವನು.

ಶನಿವಾರದ ಫೈನಲ್ಲಿನಲ್ಲಿ ಕಂಪ್ಲಿ ಎರಡು ಪಾಯಿಂಟಿನಿಂದ ಗೆದ್ದಿತು. ರೇವಣಸಿದ್ದನದೇ ಮೂವತ್ನಾಲ್ಕು. ಕೊನೇ ನಿಮಿಷದಲ್ಲಿ ಮಾರೇಶ ಕೊಟ್ಟ ಪಾಸು ಜತೆಯವನ ಕೈ ತಪ್ಪಿ ಹೊರಗೆ ಹೋಯಿತು. ಪಾಸು ಕರಾರುವಾಕ್ಕಾಗಿತ್ತು, ಹಿಡಿಯಬೇಕಾದವನು ಎತ್ತಲೋ ನೋಡುತ್ತಿದ್ದ. ಸ್ಕೋರ್ ಹಾಳೆಯಲ್ಲಿ ಮಾತ್ರ ತಪ್ಪು ಮಾರೇಶನ ಹೆಸರಿಗೆ ಬಿತ್ತು. ಹಾಳೆಗೇನು ಗೊತ್ತು.

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಸ್ಟೇಶನ್ ರಸ್ತೆಯ ಲಾಡ್ಜೊಂದರ ಮಹಡಿಯಲ್ಲಿ ಸಮಿತಿ ಸೇರಿತು. ಮೂರೇ ಜನ. ಕೊಟ್ರಯ್ಯನವರು, ಮಾಸ್ತರರು, ಮತ್ತೆ ತ್ರಿವೇಣಿ. ತ್ರಿವೇಣಿ ಒಂದು ಕಾಲಕ್ಕೆ ರಾಜ್ಯ ತಂಡಕ್ಕೆ ಆಡಿದವಳು, ಈಗ ಬ್ಯಾಂಕಿನಲ್ಲಿ ಆಫೀಸರು. ವರ್ಗವಾಗಿ ಮೈಸೂರು ಕಡೆಯಿಂದ ಬಂದು ವರ್ಷವೂ ಆಗಿರಲಿಲ್ಲ. ಲ್ಯಾಪ್‌ಟಾಪಿನಲ್ಲಿ ಇಡೀ ಸೀಸನ್ನಿನ ಅಂಕಿ ಹೊತ್ತು ತಂದಿದ್ದಳು.

ಮೊದಲು ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ಬಂತು. "ಸಾಕ್ರಿ," ಅಂದರು ಮಾಸ್ತರರು. ಕೊಟ್ರಯ್ಯನವರು ಕೇಳಲಿಲ್ಲ, ಇನ್ನೆರಡು ಮಿರ್ಚಿ ತಾಟಿಗೆ ಹಾಕಿದರು. "ಒಲ್ಲೆರಿ, ಎದಿ ಉರಿತತಿ," ಅಂದರು. "ತಿನ್ರಿ, ಬಿಸಿ ಅದಾವು," ಅಂತ ಮತ್ತೊಂದು ಬಿತ್ತು. ಮೂರನೇ ಸಲ ಮಾಸ್ತರರು ತಾಟಿನ ಮೇಲೆ ಕೈ ಅಡ್ಡ ಹಿಡಿದರೂ ಕೊಟ್ರಯ್ಯನವರು ಆ ಕೈ ಸರಿಸಿ ಬಡಿಸಿದರು. ಬಡಿಸುವುದರಲ್ಲಿ ಅವರನ್ನು ಮೀರಿಸಿದವರಿಲ್ಲ.

ಕೈ ತೊಳೆದು ಕೂತ ಮೇಲೆ ಕೊಟ್ರಯ್ಯನವರು, "ಮೊದ್ಲು ಹಿರಿಯರು ಹೇಳ್ಲಿ," ಅಂತ ಮಾಸ್ತರರ ಕಡೆ ನೋಡಿದರು.

ನಾನೇ ಹೆಸರು ಎತ್ತತೀನಿ ಅಂದವರು ಹೀಗೆ ತಮ್ಮ ಕೈಗೆ ಕೊಟ್ಟದ್ದು ಮಾಸ್ತರರಿಗೆ ಇರುಸುಮುರುಸಾಯಿತು. ಆದರೂ ಇದೂ ಒಂದು ಉಪಚಾರ ಅಂದುಕೊಂಡರು. ತಾವೊಂದು ಸಲ ಬೇಡ ಅನ್ನಬೇಕು, ಆಮೇಲೆ ಅವರು ಬಲವಂತ ಮಾಡಬೇಕು, ಹಾಗಾದರೆ ನಾಳೆ ಯಾರೂ ಬೆರಳು ತೋರಿಸುವಂತಿಲ್ಲ.

"ನಮ್ಮ ಹುಡುಗನ್ನ ಬದಿಗಿಡ್ರಿ," ಅಂದರು. "ರೇವಣಸಿದ್ದ ಭಾಳ ಮಸ್ತ್ ಆಡ್ಯಾನ. ಅವನ್ನೇ ಹಿಡೀರಿ."

ಕೊಟ್ರಯ್ಯನವರು ತಲೆದೂಗಿದರು. ಬಾಯಿ ಬಿಡಲಿಲ್ಲ.

ಬಾಯಿ ಬಿಟ್ಟವಳು ತ್ರಿವೇಣಿ. "ನಾನು ಒಪ್ಪಲ್ಲ ಸರ್. ರೇವಣಸಿದ್ದ ಮ್ಯಾಚಿಗೆ ಇಪ್ಪತ್ತಾರು ಪಾಯಿಂಟ್, ಮಾರೇಶ್ ಹನ್ನೊಂದು. ಬರೀ ಪಾಯಿಂಟೇ ಲೆಕ್ಕ ಅಂದ್ರೆ ನಾವು ಇಲ್ಲಿ ಸೇರೋದೇ ಬೇಡ, ಹಾಳೆ ನೋಡಿದ್ರೆ ಆಯ್ತು. ಆದ್ರೆ ಮಾರೇಶ್ ಮ್ಯಾಚಿಗೆ ಹತ್ತು ಬಾಸ್ಕೆಟ್ ಬೇರೆಯವರ ಕೈಲಿ ಹಾಕಿಸಿದ್ದಾರೆ. ಅವರು ಕಾಲು ಉಳುಕಿ ಎರಡು ಮ್ಯಾಚ್ ಕೂತ್ರಲ್ಲ, ಒಂದನ್ನ ಸಂಡೂರು ಇಪ್ಪತ್ತೆಂಟರಿಂದ ಸೋತಿತು, ಇನ್ನೊಂದನ್ನ ಮೂವತ್ತೊಂದರಿಂದ. ರೇವಣಸಿದ್ದ ಜ್ವರ ಅಂತ ಒಂದು ಮ್ಯಾಚ್ ಆಡಲಿಲ್ಲ. ಕಂಪ್ಲಿ ಗೆದ್ದಿತು. ಯಾರಿಲ್ಲದಿದ್ರೆ ಟೀಮೇ ಇಲ್ಲವೋ ಅವರೇ ಅಲ್ವಾ ಬೆಲೆಬಾಳೋರು?"

ಮಾಸ್ತರರಿಗೆ ಎದ್ದು ಆ ಹುಡುಗಿಯ ತಲೆ ಸವರಬೇಕು ಅನ್ನಿಸಿತು. ಒಂದೊಂದು ಮಾತೂ ಅವರ ಮನಸ್ಸಿನದೇ. ಸುಮ್ಮನೆ ಕೂತಿದ್ದರೆ ಕೆಲಸ ಆಗಿಹೋಗುತ್ತಿತ್ತು. ಆದರೆ ಕೊಟ್ರಯ್ಯನವರು ಅವರ ಮುಖವನ್ನೇ ನೋಡುತ್ತಿದ್ದರು. ಒಳಗಿನ ಸಂತೋಷ ಮುಖದ ಮೇಲೆ ಕಂಡುಬಿಟ್ಟಿತೇನೋ ಅಂತ ಮಾಸ್ತರರು ಹೆದರಿದರು. ಹೆದರಿದವರು ಎರಡನೇ ಸಲ ಬೇಡ ಅಂದರು.

"ಹಂಗಲ್ರಿ ಮೇಡಂ. ಪಾಸ್ ಕೊಟ್ರ ಸಾಕೇನ್ರಿ, ಗೆಲ್ಸೋದು ಬಾಸ್ಕೆಟ್ ಹಾಕಿದವ. ಮಾರೇಶನ್ನ ನಾನು ಸಣ್ಣವಿದ್ದಾಗಿಂದ ನೋಡೀನಿ. ಎಡಗೈ ಸೋಲ್ತತಿ. ಎಡಕ್ಕ ತಿರುಗಿಸಿದ್ರ ಆಟ ಅರ್ಧ ಆಕ್ಕತಿ."

"ಈ ಸೀಸನ್ನಿನಲ್ಲಿ ಯಾರೂ ಹಾಗೆ ತಿರುಗಿಸಿ ತಡೆದಿದ್ದು ನಾನು ನೋಡಲಿಲ್ಲ ಸರ್."

"ನೀವು ನೋಡಿಲ್ಲ, ನಾನು ನೋಡೀನಲ್ರಿ."

ಮಾಸ್ತರರು ಕೊಟ್ರಯ್ಯನವರತ್ತ ತಿರುಗಿದರು. ಈಗಲಾದರೂ ಕೈ ಸರಿಸಿ ಬಡಿಸಿಯಾರು ಅಂತ. ಕೊಟ್ರಯ್ಯನವರು ಹಲ್ಲಿಗೆ ಸಿಕ್ಕ ಮೆಣಸಿನಕಾಯಿ ಸಿಪ್ಪೆಯನ್ನು ನಾಲಿಗೆಯಿಂದ ಬಿಡಿಸಿಕೊಳ್ಳುತ್ತಿದ್ದರು.

"ಪೂರಾ ಹೇಳ್ರಿ ಮಾಸ್ತರ್ರ," ಅಂದರು. "ನಿಮ್ಮ ಅಭಿಪ್ರಾಯ ಮುಖ್ಯ."

ಬಾಯಿಗೆ ಬಂದ ಸುಳ್ಳಿಗೆ ಆಮೇಲೆ ಲಗಾಮು ಇರಲಿಲ್ಲ. "ನಿನ್ನೆ ನೀವೇ ನೋಡಿದ್ರಲ್ಲ, ಕೊನೇ ನಿಮಿಷಕ್ಕ ಚೆಂಡು ಕಳಕೊಂಡ. ತಲಿ ತಣ್ಣಗ ಇಟ್ಕೊಳ್ಳಾಕ ಬರೂದಿಲ್ಲ ಅವಗ. ಅಂಥವಗ ಈ ಪ್ರಶಸ್ತಿ ಕೊಟ್ರ ಜನ ನಗತಾರ," ಅಂದರು. ಮೂರನೇ ಸಲ.

ತ್ರಿವೇಣಿಗೆ ಅಂಕಿ ಅಂದರೆ ಅಂಕಿ, ಬೇಡ ಅಂದರೆ ಬೇಡ; ಈ ಸೀಮೆಯ ಉಪಚಾರ ಅವಳಿಗೆ ಗೊತ್ತಿರಲಿಲ್ಲ. "ಅವರ ಆಟ ನಿಮಗಿಂತ ಬಲ್ಲವರು ಯಾರಿದ್ದಾರೆ ಸರ್," ಅಂದಳು. "ನೀವೇ ಇಷ್ಟು ಖಚಿತವಾಗಿ ಹೇಳಿದ ಮೇಲೆ ನಾನು ಹಟ ಮಾಡಲ್ಲ."

"ಹಂಗಾರ ಒಮ್ಮತ," ಅಂದರು ಕೊಟ್ರಯ್ಯನವರು. "ಮೇಡಂ, ಮಾಸ್ತರ್ರು ಹೇಳಿದ್ದನ್ನ ನಡಾವಳಿಯೊಳಗ ಹಂಗಂಗೇ ಬರೀರಿ. ನಾಳಿ ಯಾರರ ಕೇಳಿದ್ರ ಕಾರಣ ಬೇಕು."

ಬಲವಂತ ಒಂದು ಸಲವೂ ಬರಲಿಲ್ಲ. ಮಿರ್ಚಿಗೆ ಮೂರು ಸಲ ಬಲವಂತ ಮಾಡಿದ ಮನುಷ್ಯ ಒಂದು ಸಂಸಾರದ ಅನ್ನಕ್ಕೆ ಒಂದು ಸಲ 'ಹಂಗಂದ್ರ ಹೆಂಗ್ರಿ' ಅನ್ನಲಿಲ್ಲ. ಕೊಟ್ರಯ್ಯನವರು ಕಂಪ್ಲಿಯಲ್ಲಿ ರೇವಣಸಿದ್ದನ ಸೋದರಮಾವನ ಮಿಲ್ಲಿನಿಂದಲೇ ಅಕ್ಕಿ ತರಿಸುವವರು. ಹಾಗಂತ ಅವರು ಮೋಸ ಮಾಡಿದರು ಅನ್ನಲಿಕ್ಕೂ ಬರುವುದಿಲ್ಲ. ಮಾಸ್ತರರು ತಾವಾಗಿ ಕೊಟ್ಟದ್ದನ್ನು ಅವರು ಬೇಡ ಅನ್ನದೆ ತೆಗೆದುಕೊಂಡರು, ಅಷ್ಟೇ. ಉಪಚಾರದ ಮಾತು ಯಾವುದು, ನಿಜದ ಮಾತು ಯಾವುದು ಅಂತ ಆ ಕೋಣೆಯಲ್ಲಿ ಅವರಿಗಿಂತ ಚೆನ್ನಾಗಿ ಬಲ್ಲವರು ಇರಲಿಲ್ಲ. ನಡಾವಳಿಯ ಕೆಳಗೆ ಮಾಸ್ತರರ ಸಹಿ ಮೊದಲನೆಯದಾಗಿ ಬಿತ್ತು. ಈಗಲೂ ಬಾಯಿ ಬಿಟ್ಟು 'ತಪ್ಪು ಹೇಳಿದೆ' ಅನ್ನಬಹುದಿತ್ತು. ನಾಲಿಗೆ ಏಳಲಿಲ್ಲ, ಆ ನಾಚಿಕೆಗಿಷ್ಟು ಬೆಂಕಿ ಬೀಳಲಿ.

ಮನೆಯಲ್ಲಿ ಕರೆಮ್ಮ ಊಟಕ್ಕೆ ಹಾಕಿ ಸುದ್ದಿ ಕೇಳಿದಳು. ಮಾಸ್ತರರು ಮುಚ್ಚಿಡಲಿಲ್ಲ. ಅವಳು ಬಡಿಸುತ್ತಿದ್ದ ಸೌಟು ಪಾತ್ರೆಯಲ್ಲೇ ಬಿಟ್ಟು ಕೂತಳು.

"ನಿಮ್ಮ ತಾಟಿನ್ಯಾಗಿಂದು ನೀವು ಬ್ಯಾಡ ಅನ್ರಿ, ಉಪಾಸ ಬೀಳ್ರಿ, ಯಾರು ಕೇಳ್ತಾರ," ಅಂದಳು. "ಇನ್ನೊಬ್ರ ತಾಟಿನ್ಯಾಗಿಂದು ಬ್ಯಾಡ ಅನ್ನಾಕ ನೀವು ಯಾರು?"

ಮಾಸ್ತರರು ಅರ್ಧ ರೊಟ್ಟಿಗೇ ಎದ್ದರು. ಯಾರೂ ಬಲವಂತ ಮಾಡಲಿಲ್ಲ.

ಸಂಜೆ ಸ್ಟೇಡಿಯಮ್ಮಿನ ವೇದಿಕೆಯ ಮೇಲೆ ಕೊಟ್ರಯ್ಯನವರು ಮೈಕು ಹಿಡಿದರು. "ತಮ್ಮ ಕೈಯಾರೆ ಬೆಳೆಸಿದ ಶಿಷ್ಯ ಕಣದಲ್ಲಿದ್ದರೂ, ತಮ್ಮವನು ಅಂತ ಒಂದು ಮಾತಾಡದೆ, ಅರ್ಹತೆಗೆ ಮನ್ನಣೆ ಕೊಟ್ಟವರು ನಮ್ಮ ಕಾಳಪ್ಪ ಮಾಸ್ತರರು," ಅಂದರು. ಜನ ಚಪ್ಪಾಳೆ ಹೊಡೆದರು. ಮಾಸ್ತರರಿಗೆ ಶಾಲು ಬಿತ್ತು. ಇಪ್ಪತ್ತು ವರ್ಷದ ಹಿಂದಿನ ಅರ್ಜಿಗೆ ಇದೇ ಉತ್ತರ ಅಂತ ಒಂದು ಕ್ಷಣ ಹೆಮ್ಮೆಯೂ ಆಯಿತು, ಮರುಕ್ಷಣಕ್ಕೆ ಆ ಹೆಮ್ಮೆಗೇ ನಾಚಿದರು. ರೇವಣಸಿದ್ದನಿಗೆ ಕಪ್ಪು ಕೊಡುವ ಕೆಲಸವನ್ನೂ ಅವರಿಗೇ ವಹಿಸಿದ್ದರು. ಕೆಳಗೆ ಸಂಡೂರು ಟೀಮಿನ ಸಾಲಿನಲ್ಲಿ ಮಾರೇಶ ನಿಂತು ಚಪ್ಪಾಳೆ ತಟ್ಟುತ್ತಿದ್ದ. ಎಲ್ಲರೂ ನಿಲ್ಲಿಸಿದ ಮೇಲೂ ನಾಲ್ಕು ಸಲ ಹೆಚ್ಚಿಗೆ ತಟ್ಟಿದ.

ಮೆಟ್ಟಿಲಿಳಿಯುವಾಗ ರೇವಣಸಿದ್ದ ಅವರ ಕಿವಿಗೆ ಬಾಗಿದ. "ಸರ್, ನೌಕರಿ ಮಾತ್ರ ನನಗ ಬ್ಯಾಡ್ರಿ. ಮಾವನ ಮಿಲ್ ಬಿಟ್ಟು ಕಾರ್ಖಾನಿಗೆ ಹೋಗಿ ನಾನೇನ್ ಮಾಡ್ಲಿ? ಈ ಪ್ರಶಸ್ತಿ ಮಾರೇಶಣ್ಣಗ ಕೊಡ್ತೀರಿ ಅನ್ಕೊಂಡಿದ್ದೆ ನಾನು. ಖರೇ ಹೇಳ್ತೀನಿ."

ಇವನ 'ಬ್ಯಾಡ' ಉಪಚಾರದ್ದಲ್ಲ. ಹೊಟ್ಟೆ ತುಂಬಿದವರ ಬ್ಯಾಡ.

ಮಾಸ್ತರರು ಮಾರನೇ ದಿನವೇ ಕೊಟ್ರಯ್ಯನವರ ಅಂಗಡಿಗೆ ಓಡಿದರು. ಹೋದವರೇ, ಕುಂದ್ರಿ ಅನ್ನುವ ಮೊದಲೇ ಕೂತರು, ಜೀವಮಾನದಲ್ಲಿ ಮೊದಲ ಸಲ. "ಸಾವ್ಕಾರ್ರ, ರೇವಣಸಿದ್ದ ಒಲ್ಲೆ ಅಂತಾನ. ಆ ನೌಕರಿ ಮಾರೇಶಗ ಕೊಡಿಸ್ರಿ. ಕೈ ಮುಗೀತೀನಿ."

"ನನಗೂ ರಾತ್ರಿನೇ ಹೇಳಿದ. ನಾನೂ ಅದನ್ನೇ ಹೇಳಿ ಕಾರ್ಖಾನಿಗೆ ಫೋನ್ ಮಾಡಿದ್ದೆ ಮಾಸ್ತರ್ರ," ಅಂದರು ಕೊಟ್ರಯ್ಯನವರು, ಬಹಳ ಮೆತ್ತಗೆ. "ಕಾರ್ಖಾನಿಯವರು ಎರಡನೇದವ ಯಾರು ಅಂತ ನಡಾವಳಿ ತರಿಸ್ಕೊಂಡು ಓದಿದ್ರು. ಎಡಗೈ ಸೋಲ್ತತಿ, ತಲಿ ತಣ್ಣಗ ಇರೂದಿಲ್ಲ, ಕೊಟ್ರ ಜನ ನಗತಾರ ಅಂತ ಅವನ ಗುರುನೇ ಬರೆಸ್ಯಾನ, ಇಂಥವನ್ನ ಹೆಂಗ ತಗೊಳ್ಳಾದು ಅಂದ್ರು. ಈ ವರ್ಷ ಖಾಲಿ ಬಿಡ್ತಾರಂತ. ಚಹಾ ತರಿಸ್ಲೇನ್ರಿ?"

ಮಾಸ್ತರರು ಎದ್ದು ಬಂದರು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಇಲ್ಲಿ ಆ ತುತ್ತನ್ನು ಯಾರೂ ತಿನ್ನಲೂ ಇಲ್ಲ. ಗುರುವಾರದವರೆಗೆ ಮಾಸ್ತರರಿಗೆ ನಿದ್ದೆ ಹತ್ತಲಿಲ್ಲ. ತಪ್ಪು ಒಪ್ಪಿಕೊಂಡರೆ ಅರ್ಧ ಹಗುರಾದೀತು ಅಂತ ಗುರುವಾರ ಬೆಳಿಗ್ಗೆ ಸಂಡೂರಿನ ಬಸ್ಸು ಹತ್ತಿದರು.

ಕಾಟಾದ ಹಿಂದಿನ ಗೋಡೆಗೆ ಮಾರೇಶ ಹಳೇ ಚೆಂಡೊಂದನ್ನು ಬಡಿದು ಆಡಿಸುತ್ತಿದ್ದ. ಬಲಗೈಯನ್ನು ಬೆನ್ನ ಹಿಂದೆ ಪ್ಯಾಂಟಿನ ಬೆಲ್ಟಿಗೆ ಸಿಕ್ಕಿಸಿಕೊಂಡಿದ್ದ, ಎಡಗೈ ಒಂದರಲ್ಲೇ ಆಟ. ಅಂಗಿಯೆಲ್ಲ ಬೆವರು, ಅದರ ಮೇಲೆ ಅದಿರಿನ ಕೆಂಧೂಳು. ಮಾಸ್ತರರನ್ನು ಕಂಡು ಚೆಂಡು ನಿಲ್ಲಿಸಿ, ಒಳಗಿನಿಂದ ಎಡಗೈಯಲ್ಲೇ ಕುರ್ಚಿ ತಂದು ಹಾಕಿದ.

"ನಡಾವಳಿ ನಮ್ಮ ಟೀಮಿನ ಗ್ರೂಪಿನ್ಯಾಗ ಬಂದಿತ್ರಿ ಸರ್," ಅಂದ. "ಎಡಗೈದು ನೀವು ಮೊದ್ಲ ಹೇಳಿದ್ರ ಸರಿ ಮಾಡ್ಕೊಂತಿದ್ದೆ. ಇರ್ಲಿ ಬಿಡ್ರಿ, ಈಗ ದಿನಾ ಒಂದು ತಾಸು ಹಚ್ಚೀನಿ."

ಮಾಸ್ತರರಿಗೆ ತಡೆಯಲಾಗಲಿಲ್ಲ. "ಮಾರೇಶ, ನಿನ್ನ ಎಡಗೈಗೆ ಏನೂ ಆಗಿಲ್ಲಪ. ನಾನು ಸುಳ್ಳು ಹೇಳಿದೆ," ಅಂದರು. ಕಡ್ಡಿರಾಂಪುರದ ಚಹಾದಿಂದ ಶುರು ಮಾಡಿ ನಡಾವಳಿಯ ಸಹಿಯವರೆಗೆ ಎಲ್ಲ ಬಿಚ್ಚಿಟ್ಟರು. ತಾವು ಉಪಚಾರಕ್ಕೆ ಬೇಡ ಅಂದದ್ದು, ಅವರು ಬಲವಂತ ಮಾಡುತ್ತಾರೆ ಅಂತ ಕಾದದ್ದು, ತ್ರಿವೇಣಿ ಇವನ ಪರವಾಗಿ ವಾದ ಮಾಡಿದ್ದು, ಅದನ್ನೂ ತಾವೇ ಮುರಿದದ್ದು. ಕೊನೆಗೆ ನೌಕರಿ ಯಾರಿಗೂ ಇಲ್ಲದೆ ಹೋದದ್ದು. "ಈ ಸೀಸನ್ನಿನ್ಯಾಗ ನಿನ್ನಷ್ಟು ಚಲೋ ಯಾರೂ ಆಡಿಲ್ಲ. ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು," ಅಂದರು. ಅಷ್ಟು ಹೇಳುವುದರೊಳಗೆ ಮುದುಕರ ಕಣ್ಣು ತುಂಬಿತ್ತು.

ಮಾರೇಶ ಚೆಂಡನ್ನು ಕಾಲಿನಿಂದ ಗೋಡೆಯ ಬುಡಕ್ಕೆ ಸರಿಸಿದ. ಬೆಲ್ಟಿನಿಂದ ಬಲಗೈ ಬಿಡಿಸಿಕೊಂಡ.

"ನಾಲ್ಕು ದಿನದಿಂದ ಸಮಾಧಾನದಾಗ ಇದ್ದೆರಿ ಸರ್," ಅಂದ. "ಸರ್ ಯಾವತ್ತೂ ತಪ್ಪು ಹೇಳಿಲ್ಲ, ನಾನೇ ಎಲ್ಲೋ ಕಮ್ಮಿ ಇದ್ದೆ ಅನ್ಕೊಂಡಿದ್ದೆ. ಹೆಂಡ್ತಿಗೂ ಹಂಗೇ ಹೇಳಿದ್ದೆ. ಕಮ್ಮಿ ಇದ್ದವಗ ಸಿಗ್ಲಿಲ್ಲ ಅಂದ್ರ ಅದರಾಗ ಸಿಟ್ಟು ಎಲ್ಲಿಂದ ಬರಬೇಕ್ರಿ? ಮಲಗಿದ್ರ ನಿದ್ದಿ ಬರ್ತಿತ್ತು."

"ಮಾರೇಶ..."

"ನಿಮ್ಮ ಮನಸಿನ ಭಾರ ಇಳಿಸ್ಕೊಳ್ಳಾಕ ಬಂದ್ರಿ. ಇಳೀತು, ಹೋಗ್ರಿ. ಇನ್ನ ಮ್ಯಾಲ ನಾನು ಹೆಂಗ ಇರ್ಲಿ ಅಂತ ಒಂದು ಸಲ ವಿಚಾರ ಮಾಡಿದ್ರೇನು?"

ಕಾಟಾದ ಮುಂದೆ ಲಾರಿಯೊಂದು ಬಂದು ಹಾರನ್ ಹೊಡೆಯಿತು. ಮಾರೇಶ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು ಒಳಗೆ ಹೋದ. ಚಹಾ ಕುಡೀತೀರೇನು ಅಂತ ಕೇಳಲಿಲ್ಲ. ಮಾಸ್ತರರು ಮಧ್ಯಾಹ್ನದ ಬಸ್ಸಿನವರೆಗೆ ಆ ಕುರ್ಚಿಯಲ್ಲೇ ಕೂತಿದ್ದರು. ಅವನು ಒಂದಾದ ಮೇಲೊಂದು ಲಾರಿ ತೂಗಿಸುತ್ತಲೇ ಇದ್ದ, ಹೊರಗೆ ಬರಲಿಲ್ಲ.